ಬಿಳಿ ನಾಲ್ಕರ ದನಿ

ಆದೋನಿ
೮ ಜುಲೈ ೨೦೨೪

ಉಚ್ಚೀರಪ್ಪನವರಿಗೆ ನಮಸ್ಕಾರಗಳು.

ನಾನು ವಿಷ್ಣುಪ್ರಿಯಾ. ನಿಮಗೆ ನನ್ನ ಪರಿಚಯವಿಲ್ಲ. ನನ್ನ ತಾಯಿ ಸಕ್ಕೂಬಾಯಿಯ ಪರಿಚಯವಿದೆ, ಅದೂ ಒಂದೇ ಒಂದು ಸಂಜೆಯದು. ಎಂಬತ್ತಾರನೇ ಇಸವಿಯಲ್ಲಿ ನಮ್ಮ ಅಜ್ಜ ಆಲೂರಿನ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದಾಗ, ಅಲ್ಲಿನ ಗಣಪತಿ ಪೆಂಡಾಲಿನಲ್ಲಿ ನಿಮ್ಮ ಆರ್ಕೆಸ್ಟ್ರಾದ ಜೊತೆ ಅಮ್ಮ ಒಂದು ತೊಟ್ಟಿಲ ಹಾಡು ಹಾಡಿದ್ದಳಂತೆ.

'ಅಂತೆ' ಎಂದು ಯಾಕೆ ಬರೆದೆ ಅಂದರೆ, ನನಗೆ ಇಪ್ಪತ್ತೆಂಟು ತುಂಬಿದರೂ ಅಮ್ಮ ಹಾಡಿದ್ದನ್ನು ಕೇಳಿಲ್ಲ. ಸಂಪ್ರದಾಯದ ಹಾಡುಗಳನ್ನು ನಾಲ್ಕು ನೋಟ್‌ಬುಕ್ಕಿನ ತುಂಬ ಮುತ್ತು ಪೋಣಿಸಿದಂತೆ ಬರೆದಿಟ್ಟಿದ್ದಾಳೆ. ಆರತಿಯ ಹೊತ್ತಿಗೆ ಎಲ್ಲರ ಕೈಗೂ ಪುಸ್ತಕ ಕೊಟ್ಟು, ತಾನು ಹಿಂದೆ ನಿಂತು ಬರೀ ತುಟಿ ಆಡಿಸುತ್ತಾಳೆ. ಕಳೆದ ತಿಂಗಳು ಆ ನೋಟ್‌ಬುಕ್ಕುಗಳ ಅಡಿಯಲ್ಲಿ ಒಂದು ಕ್ಯಾಸೆಟ್ಟು ಸಿಕ್ಕಿತು. ಮೇಲೆ 'ಜ್ಯೋತಿ ಮೆಲೋಡೀಸ್, ಆಲೂರು. ಕೀಬೋರ್ಡ್: ಉಚ್ಚೀರಪ್ಪ, ಪೆದ್ದಕಡುಬೂರು' ಎಂದಿತ್ತು. ಹಾಕಿ ಕೇಳಿದೆ. ಒಂದು ಸಣ್ಣ, ತೆಳ್ಳನೆಯ ಹೆಣ್ಣುದನಿ, ಅದರ ಹಿಂದೆ ತೂಗಿದ ಹಾಗೆ ನುಡಿಯುವ ಒಂದು ಕೀಬೋರ್ಡು. ಅಮ್ಮನನ್ನು ಕೇಳಿದರೆ ಮುಖ ತಿರುಗಿಸಿದಳು. "ಇಲಿ ಕಿಚಗುಟ್ಟಿದಂಗ ಅದ. ತೊಗೊಂಡು ಹೋಗಿ ಒಗಿ ಅದನ್ನ."

ನಾನು ಇಲ್ಲಿ ಒಂದು ಮದುವೆ ವಿಡಿಯೋ ಸ್ಟುಡಿಯೋದಲ್ಲಿ ಸಂಗೀತ ಕೂಡಿಸುವ ಕೆಲಸ ಮಾಡುತ್ತೇನೆ. ಉಳಿದ ಹೊತ್ತಿನಲ್ಲಿ ಎಂಬತ್ತರ ದಶಕದ ಎಲೆಕ್ಟ್ರಾನಿಕ್ ಸಂಗೀತದ ಹುಚ್ಚು. ಆ ಕಾಲದ ಕೀಬೋರ್ಡುಗಳ ದನಿಯನ್ನು ಕಂಪ್ಯೂಟರಿನೊಳಗೇ ಹುಟ್ಟಿಸುವ ಸಾಫ್ಟ್‌ವೇರುಗಳಿವೆ, ಸಿಂಥ್ ಅನ್ನುತ್ತೇವೆ. ಇಷ್ಟು ವರ್ಷ ಪರದೇಶದವರ ದನಿಗಳನ್ನೇ ಹುಡುಕುತ್ತಿದ್ದೆ. ಮೂವತ್ತು ಕಿಲೋಮೀಟರ್ ಆಚೆ ಇಂಥದ್ದೊಂದು ದನಿ ಇತ್ತೆಂದು ಗೊತ್ತೇ ಇರಲಿಲ್ಲ.

ಅಕ್ಕ ಸುಷಮಾಗೆ ಅಕ್ಟೋಬರಿನಲ್ಲಿ ಹೆರಿಗೆ. ಕಾರ್ತಿಕದಲ್ಲಿ ತೊಟ್ಟಿಲಿಗೆ ಹಾಕುವ ಶಾಸ್ತ್ರ. ಹಾಡಲು ಯಾರನ್ನಾದರೂ ಕರೆಸೋಣ ಎಂದು ಅಮ್ಮ ಈಗಲೇ ಹೇಳುತ್ತಿದ್ದಾಳೆ. ನನಗೆ ಸಂಕಟವಾಗುತ್ತದೆ. ನಿಮ್ಮ ಕೀಬೋರ್ಡಿನ ದನಿಯನ್ನು ಹೊಸದಾಗಿ ಕಟ್ಟಿ, ಅಮ್ಮನ ಹಾಡಿಗೆ ಕೂಡಿಸಿ ಕೇಳಿಸಬೇಕೆಂದಿದ್ದೇನೆ. ತನ್ನ ದನಿಯನ್ನು ಒಮ್ಮೆ ಅವಳು ನಾಚಿಕೆಯಿಲ್ಲದೆ ಕೇಳಬೇಕು. ಮೊಮ್ಮಗುವಿಗೆ ಅವಳೇ ಹಾಡಬೇಕು. ನನಗೆ ಬೇಕಾದದ್ದು ಇಷ್ಟೇ.

ನಿಮ್ಮ ಕೀಬೋರ್ಡು ಯಾವುದು, ಆ ದನಿ ಹೇಗೆ ತೆಗೆಯುತ್ತಿದ್ದಿರಿ, ದಯವಿಟ್ಟು ಬರೆಯಿರಿ. ನಿಮ್ಮೂರಿನ ಬಸ್ ಕಂಡಕ್ಟರನ್ನು ನಂಬರು ಕೇಳಿದರೆ ನಕ್ಕುಬಿಟ್ಟ: "ಆಯಪ್ಪ ಫೋನ್ ಮುಟ್ಟಂಗಿಲ್ಲರಿ. ಫೋನಿನಾಗ ಎಲ್ಲಾರ ದನೀನೂ ತಗಡು ಬಡ್ದಂಗ ಕೇಳ್ತೈತಂತ." ಅದಕ್ಕೇ ಈ ಪತ್ರ. ಉತ್ತರವನ್ನು ಸ್ಟುಡಿಯೋ ವಿಳಾಸಕ್ಕೆ ಬರೆಯಿರಿ, ಮನೆಗೆ ಬೇಡ.

ಇಂತಿ,
ವಿಷ್ಣುಪ್ರಿಯಾ


ಪೆದ್ದಕಡುಬೂರು
೨೪ ಜುಲೈ ೨೦೨೪

ಮಗಳೇ ವಿಷ್ಣುಪ್ರಿಯಾ,

ನಿನ್ನ ಪತ್ರ ಬಂದಾಗ ನಾನು ಕುರಿಗಳಿಗೆ ನೀರು ಕುಡಿಸುತ್ತಿದ್ದೆ. ಓದಿ ಮುಗಿಸುವ ಹೊತ್ತಿಗೆ ಎರಡು ಕುರಿ ಪಕ್ಕದವರ ಹೊಲದಲ್ಲಿದ್ದವು. ಬೈಗುಳ ತಿಂದೆ. ಆದರೂ ಸಂತೋಷವಾಯಿತು.

ಆ ಕೀಬೋರ್ಡು ಜಪಾನಿನದು. ಬಾಂಬೆ ಬಂದರಿಗೆ ದುಡಿಯಲು ಹೋಗಿದ್ದ ಕೋಸಗಿಯವನೊಬ್ಬ ತಲೆಯ ಮೇಲೆ ಹೊತ್ತು ತಂದದ್ದು. ಎರಡು ಬದಿಗೆ ಮರದ ಹಲಗೆ, ಒಂದು ಸಲಕ್ಕೆ ಒಂದೇ ಸ್ವರ ನುಡಿಯುವುದು. ಆದರೆ ಅದರೊಳಗೆ ಎರಡು ಕೊರಳು. ಎರಡನ್ನೂ ಸರಿಯಾಗಿ ಒಂದೇ ಶ್ರುತಿಗೆ ತಂದರೆ ದನಿ ಸತ್ತ ಹಾಗೆ ಕೇಳುತ್ತಿತ್ತು. ನಮ್ಮಪ್ಪ ಕುರಿಗಳಿಗೆ ಗಂಟೆ ಆರಿಸುವಾಗ ಎಂದೂ ಒಂದೇ ದನಿಯ ಜೋಡಿ ತರುತ್ತಿರಲಿಲ್ಲ. "ಒಂದೀಟು ಫರಕ್ ಇರಬೇಕಲೇ, ಆಗ ನೋಡು ದೂರದಿಂದ ತೂಗಿ ಬರ್ತೈತಿ" ಅನ್ನುತ್ತಿದ್ದ. ನಾನೂ ಒಂದು ಕೊರಳನ್ನು ಕೂದಲೆಳೆಯಷ್ಟು ಇಳಿಸಿದೆ. ನೀನು 'ತೂಗಿದ ಹಾಗೆ' ಎಂದು ಬರೆದಿದ್ದೀಯಲ್ಲ, ಅದು ಅದೇ. ಇಷ್ಟು ವರ್ಷದಲ್ಲಿ ಅದನ್ನು ಹಿಡಿದವಳು ನೀನೊಬ್ಬಳೇ.

ಬಿಸಿಲೇರಿದರೆ ಅದರ ಶ್ರುತಿ ಜಾರುತ್ತಿತ್ತು, ಮೇಲೆ ಒದ್ದೆ ಟವೆಲ್ ಹೊದಿಸಿಡುತ್ತಿದ್ದೆವು. ಟೂರಿಂಗ್ ಟಾಕೀಸಿನವರ ಹಳೆಯ ಎಕೋ ಪೆಟ್ಟಿಗೆ ಒಂದಿತ್ತು, ಅದರೊಳಗೆ ಟೇಪು ಸುತ್ತುತ್ತ ನುಡಿದದ್ದನ್ನೇ ಮತ್ತೆ ನುಡಿಯುವುದು. ಈಗ ಯಾವುದೂ ಇಲ್ಲ. ಕೀಬೋರ್ಡಿನ ಒಳಗೆ ಇಲಿ ಸಂಸಾರ ಹೂಡಿ ವಯರೆಲ್ಲ ಕಡಿದವು.

ಸಕ್ಕೂಬಾಯಿಯವರ ದನಿ ನನಗೆ ಚೆನ್ನಾಗಿ ನೆನಪಿದೆ. ತಾಮ್ರದ ಕೊಡಕ್ಕೆ ನೀರು ತುಂಬುವಾಗ ಬರುತ್ತದಲ್ಲ, ಅಂಥ ತಗ್ಗಿದ, ತುಂಬಿದ ದನಿ. ಆಕೆಗೆ ಬಿಳಿ ನಾಲ್ಕನ್ನು, ಅಂದರೆ ಹಾರ್ಮೋನಿಯಂನ ನಾಲ್ಕನೇ ಬಿಳಿ ಮನೆಯನ್ನು, ಶ್ರುತಿಯಾಗಿ ಇಟ್ಟಿದ್ದೆ. ಸಿನಿಮಾ ಹಾಡಿಗೆ ಶಿಳ್ಳೆ ಹೊಡೆಯುತ್ತಿದ್ದ ಮಂದಿ ಆ ತೊಟ್ಟಿಲ ಹಾಡಿಗೆ ಗಪ್‌ಚಿಪ್ ಕೂತರು. ಆಮೇಲೆ ಆಕೆ ಬರಲಿಲ್ಲ. ಎರಡು ಕಾರ್ಯಕ್ರಮಗಳಲ್ಲಿ ಮೈಕಿನ ಹತ್ತಿರ ಒಂದು ಕುರ್ಚಿ ಖಾಲಿ ಇಟ್ಟು ಕಾದೆವು. ದೊಡ್ಡವರ ಮನೆಯವರು, ಬೇಡ ಅಂದಿರಬೇಕು ಅಂದುಕೊಂಡೆ. ಹೋಗಿ ಕೇಳುವ ಧೈರ್ಯ ಕುರಿ ಕಾಯುವವನ ಮಗನಿಗೆ ಇರಲಿಲ್ಲ.

ಕ್ಯಾಸೆಟ್ಟನ್ನು ಮಾಡಿದ್ದು ನಮ್ಮ ಮೈಕ್‌ಸೆಟ್ಟಿನ ವೆಂಕಟಪ್ಪ. ನಾನು ಅದನ್ನು ಕೇಳಿಯೇ ಇಲ್ಲ.

ನಿನ್ನ ಶ್ರೇಯೋಭಿಲಾಷಿ,
ಉಚ್ಚೀರಪ್ಪ


ಆದೋನಿ
೧೮ ಆಗಸ್ಟ್ ೨೦೨೪

ಉಚ್ಚೀರಪ್ಪ ಕಾಕಾ,

ಹೀಗೆ ಕರೆಯಬಹುದಲ್ಲ? ನಿಮ್ಮ ಕುರಿಗಂಟೆಯ ಮಾತನ್ನು ಬರೆದು ಕಂಪ್ಯೂಟರಿನ ಮೇಲೆ ಅಂಟಿಸಿದ್ದೇನೆ. ನಾಲ್ಕು ವರ್ಷ ಪಾಠದ ವಿಡಿಯೋ ನೋಡಿ ಕಲಿಯದ್ದನ್ನು ಆ ಒಂದು ಸಾಲಿನಲ್ಲಿ ಕಲಿತೆ.

ಈಗ ನನ್ನ ಪಾಡು ಕೇಳಿ. ಮೂರು ಸಿಂಥ್‌ಗಳನ್ನು ಎದುರಿಗಿಟ್ಟುಕೊಂಡು ಒಂದು ತಿಂಗಳಿನಿಂದ ಕೂತಿದ್ದೇನೆ. ಮೊದಲನೆಯದು ಯಾರೋ ಪುಣ್ಯಾತ್ಮ ಪುಕ್ಕಟೆ ಹಂಚಿದ್ದು. ಗುಂಡಿಗಳು ಹತ್ತೇ ಹತ್ತು. ದನಿ ದಪ್ಪ, ನಡಿಗೆ ನಿಧಾನ, ಹೊಟ್ಟೆ ತುಂಬಿದ ಎಮ್ಮೆಯ ಹಾಗೆ. ಬೇಡವೆಂದು ಬಿಟ್ಟೆ. ಎರಡನೆಯದರಲ್ಲಿ ಹೆಸರಾಂತ ಹಳೆಯ ಕೀಬೋರ್ಡುಗಳ ಒಂದೊಂದು ಸ್ವರವನ್ನೂ ರೆಕಾರ್ಡು ಮಾಡಿ ತುಂಬಿದ್ದಾರೆ. ಸೊಗಸಾಗಿದೆ, ಆದರೆ ಗೋಡೆಗೆ ಹಾಕಿದ ಫೋಟೋದಂತೆ, ಯಾವಾಗ ನೋಡಿದರೂ ಅದೇ ನಗು. ಮೂರನೆಯದು ಒಳಗಿನ ಬಿಡಿಭಾಗಗಳನ್ನೇ ಲೆಕ್ಕದಲ್ಲಿ ಕಟ್ಟಿದ್ದು. ಎರಡು ಕೊರಳನ್ನು ಬೇರೆಬೇರೆ ತಿರುಗಿಸಬಹುದು. ಶ್ರುತಿ ತಾನಾಗಿ ಜಾರಲು ಕೂಡ ಒಂದು ಗುಂಡಿ ಇದೆ. ಅದಕ್ಕೆ ನಾನು 'ಬಿಸಿಲು' ಎಂದು ಹೆಸರಿಟ್ಟಿದ್ದೇನೆ. ತೆಳ್ಳಗೆ, ಮಿಂಚುವ ಹಾಗೆ ಮಾಡಿದಾಗ ಕ್ಯಾಸೆಟ್ಟಿಗೆ ಅಚ್ಚಿಳಿದಂತೆ ಹೊಂದಿತು.

ಆಮೇಲೆ ದನಿಗೆ ಹಚ್ಚುವ ಪರಿಣಾಮಗಳು, ನಾವು ಎಫೆಕ್ಟ್ ಅನ್ನುವಂಥವು. ದನಿಯನ್ನು ಅಗಲ ಮಾಡುವ ಕೋರಸ್ ಬೇಕಾಗಲಿಲ್ಲ, ನಿಮ್ಮ ಕುರಿಗಂಟೆಯೇ ಆ ಕೆಲಸ ಮಾಡಿತು. ಟೇಪಿನ ಎಕೋ ಹಾಕಿದೆ. ಕೊನೆಗೆ, ಹಾಳಾದ ಟೇಪಿನಂತೆ ದನಿಯನ್ನು ಅಲುಗಾಡಿಸುವ ಒಂದಿದೆ, ಹಳೆಯ ಕಾಲದ ಕಳೆ ಬರಲೆಂದು ನನ್ನಂಥ ಹುಚ್ಚಿನವರು ಎಲ್ಲದಕ್ಕೂ ಅದನ್ನು ಬಳಿಯುತ್ತಾರೆ. ಅದನ್ನೂ ಹಾಕಿದೆ. ಸ್ಟುಡಿಯೋ ಮಾಲೀಕ ಚಂದ್ರಮೋಹನ್ ತಲೆ ಕೆರೆದುಕೊಂಡ: "ಬಾಗುನ್ನದಾನ್ನಿ ಪಾಡು ಚೇಸೇದಾನಿಕಿ ಇಂಕೋ ಬಟನಾ? ಚೊಲೋ ಇದ್ದದ್ದನ್ನ ಕೆಡಸಾಕೂ ಒಂದು ಬಟನ್ ಬೇಕೇನ್ರಿ ನಿಮಗ?"

ಕೀಬೋರ್ಡಿನ ಭಾಗವನ್ನಷ್ಟೇ ಪೆನ್‌ಡ್ರೈವಿನಲ್ಲಿ ಹಾಕಿ ಕಂಡಕ್ಟರನ ಕೈಗೆ ಕೊಟ್ಟಿದ್ದೇನೆ. ಕೇಳಿ ಹೇಳಿ.

ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಕ್ಯಾಸೆಟ್ಟಿನಲ್ಲಿರುವ ಶ್ರುತಿ ಬಿಳಿ ನಾಲ್ಕಲ್ಲ, ಬಿಳಿ ಆರು. ದನಿಯೂ ತಾಮ್ರದ ಕೊಡದ್ದಲ್ಲ. ಮೂವತ್ತೆಂಟು ವರ್ಷವಾಯಿತಲ್ಲ, ನೀವು ಬೇರೆ ಯಾರನ್ನೋ ನೆನೆಸಿಕೊಂಡಿರಬೇಕು.

ನಿಮ್ಮ,
ಪ್ರಿಯಾ


ಪೆದ್ದಕಡುಬೂರು
೫ ಸೆಪ್ಟೆಂಬರ್ ೨೦೨೪

ಪ್ರಿಯಾ,

ಹೆಂಡತಿ ಯಾವ ತಿಥಿಯಲ್ಲಿ ಹುಟ್ಟಿದಳೆಂಬುದು ಮರೆತು ಬೈಸಿಕೊಂಡಿದ್ದೇನೆ. ಹಾಡುವವರ ಶ್ರುತಿ ಮರೆತವನಲ್ಲ.

ನಿನ್ನ ಪೆನ್‌ಡ್ರೈವನ್ನು ಮಗ ಶಿವಕೃಷ್ಣ ಟ್ರ್ಯಾಕ್ಟರಿನ ಟೇಪಿಗೆ ಚುಚ್ಚಿ ಕೇಳಿಸಿದ. ಇಂಜಿನ್ ಬಂದ್ ಮಾಡಿಸಿ ಕಣ್ಣು ಮುಚ್ಚಿ ಕೂತೆ. ಮೊದಲನೇ ಸ್ವರಕ್ಕೇ ಮೈ ಜುಂ ಅಂದಿತು. ಇಲಿ ತಿಂದ ಪೆಟ್ಟಿಗೆಯನ್ನು ನೀನು ಮಣ್ಣಿನಿಂದ ಎಬ್ಬಿಸಿದ್ದೀಯ. ಶಿವಕೃಷ್ಣನಿಗೆ ಹೇಳಿದೆ, "ಈ ಹುಡುಗಿ ಕಿವಿ ನನ್ನ ಕಿವಿಗಿಂತ ಒಂದು ಕೈ ಮ್ಯಾಲ ಐತಿ ನೋಡು" ಅಂತ.

ಆದರೆ ಯಾರೋ ಅದರ ಜುಟ್ಟು ಹಿಡಿದು ಮೇಲಕ್ಕೆ ಎಳೆಯುತ್ತಿದ್ದ ಹಾಗಿತ್ತು. ಓಟವೂ ಹೆಚ್ಚು. ತೊಟ್ಟಿಲು ತೂಗುವ ಹಾಡನ್ನು ಯಾರಾದರೂ ಬಂಡಿ ಓಡಿಸಿದ ಹಾಗೆ ನುಡಿಸುತ್ತಾರಾ? ಮಗು ತೊಟ್ಟಿಲಿಂದ ಆಚೆ ಬೀಳುತ್ತದೆ. ಭಜನೆಯ ಹಾರ್ಮೋನಿಯಂ ತಂದು ಕೂಡಿಸಿ ನೋಡಿದೆ. ನೀನು ಹೇಳಿದ ಹಾಗೆ ಬಿಳಿ ಆರೇ. ಎರಡು ದಿನ ಕುರಿ ಹಿಂದೆ ತಿರುಗುತ್ತ ಯೋಚಿಸಿದೆ. ಮೂರನೇ ದಿನ ಬಂಡೆಯ ಮೇಲೆ ಯಾರೋ ಬ್ಯಾಟರಿಯ ಎರಡು ಸೆಲ್ಲು ಬಿಸಿಲಿಗಿಟ್ಟದ್ದು ಕಂಡಿತು, ಅಲ್ಲೇ ಕೂತುಬಿಟ್ಟೆ.

ನಿಮ್ಮ ವಯಸ್ಸಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಆಗ ನಾವು ಮುಗಿದ ಸೆಲ್ಲನ್ನು ಎಸೆಯುತ್ತಿರಲಿಲ್ಲ. ಬಿಸಿಲಿಗಿಟ್ಟರೆ ಇನ್ನೊಂದು ದಿನದ ಜೀವ ಬರುತ್ತಿತ್ತು. ವೆಂಕಟಪ್ಪ ಅದರಲ್ಲಿ ಪಂಡಿತ. ಆ ದಿನ ಜನರೇಟರಿನ ಪ್ಲಗ್ಗುಗಳೆಲ್ಲ ಮೈಕಿಗೆ, ಕೀಬೋರ್ಡಿಗೆ ಹೋಗಿದ್ದವು. ಅವನ ಟೇಪ್‌ರೆಕಾರ್ಡರು ನಡೆದದ್ದು ಸೆಲ್ಲಿನ ಮೇಲೆ. ಸೆಲ್ಲು ಸೋತರೆ ಟೇಪು ನಿಧಾನ ಸುತ್ತುತ್ತದೆ. ನಿಧಾನ ಸುತ್ತುವಾಗ ತುಂಬಿದ ಹಾಡನ್ನು ಆಮೇಲೆ ಸರಿಯಾದ ವೇಗದಲ್ಲಿ ಹಾಕಿದರೆ ಏನಾಗುತ್ತದೆ? ಓಟ ಹೆಚ್ಚುತ್ತದೆ, ದನಿ ತೆಳ್ಳಗಾಗಿ ಮೇಲೇರುತ್ತದೆ, ನೀನೇ ನನಗಿಂತ ಚೆನ್ನಾಗಿ ಬಲ್ಲೆ.

ಆ ಕ್ಯಾಸೆಟ್ಟನ್ನು ಬಿಳಿ ಆರರಿಂದ ಬಿಳಿ ನಾಲ್ಕಕ್ಕೆ ಇಳಿಸಿ ಕೇಳು.

ಇನ್ನೊಂದು ಪ್ರಶ್ನೆ. ಸಕ್ಕೂಬಾಯಿಯವರು ಆ ಕ್ಯಾಸೆಟ್ಟನ್ನು ಆಗ ಕೇಳಿದ್ದರಾ?

ಉಚ್ಚೀರಪ್ಪ


ಆದೋನಿ
೨೨ ಸೆಪ್ಟೆಂಬರ್ ೨೦೨೪

ಕಾಕಾ,

ಇಳಿಸಿದೆ.

ಹೇಗೆ ಬರೆಯಲಿ? ಮೊದಲು ಕೀಬೋರ್ಡು ಬಂತು, ನಿಧಾನವಾಗಿ, ದಪ್ಪಗೆ. ಆಮೇಲೆ ಅವಳು ಬಂದಳು. ಇಪ್ಪತ್ತೊಂದು ವರ್ಷದ ನನ್ನ ಅಮ್ಮ. ತಾಮ್ರದ ಕೊಡವೇ. ಅಮ್ಮ "ಪ್ರಿಯಾ" ಎಂದು ಕೂಗುವಾಗ ದನಿಯ ಅಡಿಯಲ್ಲಿ ಒಂದು ಗಟ್ಟಿತನ ಇರುತ್ತದೆ, ಅದೇ ಅಲ್ಲಿತ್ತು. ಹೆಡ್‌ಫೋನ್ ಹಾಕಿಕೊಂಡು ಜೋರಾಗಿ ಅತ್ತೆ. ಚಂದ್ರಮೋಹನ್ ಗಾಬರಿಯಾಗಿ ಹೆಡ್‌ಫೋನ್ ಕಿತ್ತು ತಾನು ಹಾಕಿಕೊಂಡ. ಹಾಡು ಮುಗಿದ ಮೇಲೆ ಮೆಲ್ಲಗೆ ಕೇಳಿದ, "ಎವರು ಮೇಡಂ ಈಮೆ? ಯಾರಾಕಿ?" "ನಮ್ಮಮ್ಮ" ಅಂದೆ. ಅವನ ಮುಂದೆ ಹಾಗೆ ಹೇಳುವಾಗ ಎಷ್ಟು ಹೆಮ್ಮೆಯಾಯಿತು ಗೊತ್ತಾ?

ನಿಮ್ಮ ಪ್ರಶ್ನೆಗೆ ಉತ್ತರ ಹೌದು. ಅಮ್ಮ ಅಕ್ಕಿ ಆರಿಸುತ್ತ ಕೂತಿದ್ದಾಗ, ಯಾಕೆ ಹಾಡು ಬಿಟ್ಟೆ, ಅಜ್ಜ ಬೇಡ ಅಂದರಾ ಎಂದು ಕೇಳಿದೆ. "ಅಪ್ಪ ಯಾಕ ಬ್ಯಾಡ ಅಂತಾರ? ಮುಂದಿನ ಕುರ್ಚಿನಾಗ ಅವರೇ ಕೂತಿದ್ದರು" ಅಂದಳು. ಮರುದಿನ ಕ್ಯಾಸೆಟ್ಟು ಮನೆಗೆ ಬಂತಂತೆ. ಅಕ್ಕಪಕ್ಕದವರನ್ನೆಲ್ಲ ಕೂರಿಸಿ ಹಾಕಿದರಂತೆ. ಎಲ್ಲರೂ ಬಿದ್ದು ಬಿದ್ದು ನಕ್ಕರಂತೆ. ವಿಠಲ್ ಮಾಮಾ, ಅಮ್ಮನ ತಮ್ಮ, ಆಗ ಹದಿನೇಳರ ಹುಡುಗ. "ಯಂತ್ರ ಸುಳ್ಳು ಹೇಳ್ತದೇನ ಅಕ್ಕಾ? ನೀ ಹಾಡೋದು ಹಿಂಗ ಅದ" ಅಂದನಂತೆ. ಮನೆಯಲ್ಲಿ ಯಾರೂ ಅದುವರೆಗೆ ತಮ್ಮ ದನಿಯನ್ನು ಯಂತ್ರದಲ್ಲಿ ಕೇಳಿರಲಿಲ್ಲ. ಅಮ್ಮ ನಂಬಿಬಿಟ್ಟಳು.

"ಯಾರೂ ಬಿಡಸಲಿಲ್ಲ. ನಾನಾಗೇ ಬಿಟ್ಟೆ. ಇಂಥಾ ದನಿ ಇಟ್ಕೊಂಡು ನಾಲ್ಕು ಮಂದಿ ಮುಂದ ನಿಂತಿದ್ನಲ್ಲಾ ಅಂತ ನಾಚಿಕಿ ಆತು." ಇಷ್ಟು ಹೇಳಿ ಅಕ್ಕಿಯಲ್ಲಿ ಕಲ್ಲು ಹುಡುಕುತ್ತ ಕೂತಳು.

ಕಾಕಾ, ನಾನು ಆರಿಸಿದ್ದೆಲ್ಲ ತಲೆಕೆಳಗಾಯಿತು. ಆ ಮೂರನೇ ಸಿಂಥ್ ಈಗ ಚೂರೂ ಹೊಂದುವುದಿಲ್ಲ. ನಾನು ಕಾಲ ಕಸ ಮಾಡಿ ಬಿಟ್ಟಿದ್ದ ಪುಕ್ಕಟೆಯ ಎಮ್ಮೆಯೇ ನಿಮ್ಮ ಕೀಬೋರ್ಡು! ಹತ್ತು ಗುಂಡಿಯಲ್ಲಿ ಆರು ಮುಟ್ಟಿದೆ, ಬಂದುಬಿಟ್ಟಿತು. ಹಾಳು ಟೇಪಿನ ಪರಿಣಾಮವನ್ನು ಕಿತ್ತುಹಾಕಿದೆ. ಒಂದು ಕೆಟ್ಟ ಟೇಪು ನಮ್ಮ ಮನೆಯಲ್ಲಿ ಏನು ಮಾಡಿದೆ ಎಂದು ತಿಳಿದ ಮೇಲೆ ಅದನ್ನು ಅಲಂಕಾರಕ್ಕೆ ಹೇಗೆ ಹಚ್ಚಲಿ?

ಎಲ್ಲ ಸಿದ್ಧವಿದೆ, ಆದರೂ ಅಮ್ಮನಿಗೆ ಕೇಳಿಸಲು ಹೆದರಿಕೆ. "ಕಂಪ್ಯೂಟರಿನಾಗ ಕತ್ತಿನೂ ಕೋಗಿಲೆ ಮಾಡ್ತೀರಿ ನೀವು" ಅಂದುಬಿಟ್ಟರೆ? ಒಮ್ಮೆ ಯಂತ್ರವನ್ನು ನಂಬಿ ಕೆಟ್ಟವಳು, ಎರಡನೇ ಸಲ ಯಾಕೆ ನಂಬುತ್ತಾಳೆ? ಏನು ಮಾಡಲಿ ಹೇಳಿ.

ಪ್ರಿಯಾ


ಪೆದ್ದಕಡುಬೂರು
೪ ಅಕ್ಟೋಬರ್ ೨೦೨೪

ಮಗಳೇ,

ನಿನ್ನ ಪತ್ರ ಓದಿ ಆ ದಿನ ಊಟ ಸೇರಲಿಲ್ಲ. ಮರುದಿನ ಆಲೂರಿಗೆ ಹೋಗಿ ವೆಂಕಟಪ್ಪನನ್ನು ಹಿಡಿದೆ. ಎಪ್ಪತ್ತೈದು ದಾಟಿದೆ, ಕಣ್ಣು ಮಂಜು. ಕೇಳಿದ ಕೂಡಲೇ ತಲೆ ತಗ್ಗಿಸಿದ. "ಹೌದಪಾ, ಬಿಸಿಲಿಗಿಟ್ಟ ಸೆಲ್ಲೇ ಹಾಕಿದ್ದೆ. ಆಕಿ ಹಾಡೂ ಮುಂದ ಕೆಂಪು ಲೈಟ್ ಮಬ್ಬಾತು. ಅಷ್ಟು ಚೆಂದ ಹಾಡ್ತಿದ್ದಳು, ಯಾಕ ನಿಲ್ಲಸಬೇಕು ಅಂತ ಸುಮ್ಮನಾದೆ" ಅಂದ. ಮಾತನ್ನು ಅವನೆದುರಿಗೇ ಬರೆದುಕೊಂಡು, ಹೆಬ್ಬೆಟ್ಟು ಒತ್ತಿಸಿ ತಂದಿದ್ದೇನೆ. ಇದರ ಜೊತೆಗಿದೆ. ಅಮ್ಮನಿಗೆ ಓದಿ ಹೇಳು. ಯಂತ್ರ ಸುಳ್ಳು ಹೇಳಲಿಲ್ಲ, ಅದು ಹಸಿದಿತ್ತು.

ನನ್ನದೂ ತಪ್ಪಿದೆ. ಕುರ್ಚಿ ಖಾಲಿ ಇಟ್ಟು ಕಾಯುವ ಬದಲು ಮನೆ ಬಾಗಿಲಿಗೆ ಹೋಗಿ ಒಂದು ಮಾತು ಕೇಳಬೇಕಿತ್ತು. ಬೈದಿದ್ದರೆ ಬೈಸಿಕೊಂಡು ಬರಬಹುದಿತ್ತು.

ಈಗ ನನ್ನ ಸಲಹೆ. ನನ್ನ ಕೀಬೋರ್ಡಿನ ದನಿಯನ್ನು ನೀನು ಇಷ್ಟು ಕಷ್ಟಪಟ್ಟು ಕಟ್ಟಿದ್ದೀಯ, ಅದನ್ನು ಕೇಳುವ ಆಸೆ ನನಗೆಷ್ಟಿದೆ ಎಂದು ದೇವರಿಗೆ ಗೊತ್ತು. ಆದರೂ ಅದನ್ನು ಸದ್ಯ ಪಕ್ಕಕ್ಕಿಡು. ಎಕೋ ಬೇಡ, ಏನೂ ಬೇಡ. ಕ್ಯಾಸೆಟ್ಟಿನ ವೇಗ ಸರಿಮಾಡಿ ಇದ್ದದ್ದನ್ನು ಇದ್ದ ಹಾಗೆ ಕೇಳಿಸು. ಅದಕ್ಕೂ ಮುಂಚೆ ಬಿಳಿ ನಾಲ್ಕನ್ನು ಒತ್ತಿ ಹಿಡಿದು, "ಹೂಂ ಅನ್ನಮ್ಮಾ" ಅನ್ನು. ಹಾಡಬೇಕಾಗಿಲ್ಲ, ಹೂಂ ಅಂದರೆ ಸಾಕು. ಕಿವಿ ಮೋಸ ಹೋಗುತ್ತದೆ, ಮಗಳೇ. ಗಂಟಲಿಗೆ ತನ್ನ ಮನೆ ಗೊತ್ತಿರುತ್ತದೆ.

ಸುಷಮಾಳ ಹೆರಿಗೆ ಸುಸೂತ್ರವಾಗಲಿ.

ಆಶೀರ್ವಾದಗಳೊಂದಿಗೆ,
ಉಚ್ಚೀರಪ್ಪ


ಆದೋನಿ
೬ ನವೆಂಬರ್ ೨೦೨೪

ಉಚ್ಚೀರಪ್ಪನವರಿಗೆ ಸಕ್ಕೂಬಾಯಿಯ ನಮಸ್ಕಾರಗಳು.

ನನಗೆ ಗೊತ್ತಿಲ್ಲದಂತೆ ನಾಲ್ಕು ತಿಂಗಳು ಪತ್ರ ಬರೆದ ಮಗಳಿಗೆ ಮೊದಲು ಚೆನ್ನಾಗಿ ಬೈದೆ. ಆಮೇಲೆ ನಿಮ್ಮ ಪತ್ರಗಳನ್ನೆಲ್ಲ ಕೊಡಿಸಿಕೊಂಡು ಎರಡೆರಡು ಸಲ ಓದಿದೆ.

ಸುಷಮಾಗೆ ಹೆಣ್ಣು ಮಗು. ಬಾಣಂತನದ ಗಡಿಬಿಡಿಯಲ್ಲಿ ಪ್ರಿಯಾ ಕಾದಳು. ಮೊನ್ನೆ ಮಧ್ಯಾಹ್ನ ಮಗು ಮಲಗಿದ ಮೇಲೆ ವೆಂಕಟಪ್ಪನವರ ಹೆಬ್ಬೆಟ್ಟಿನ ಕಾಗದ ಓದಿದಳು. ಇದೆಲ್ಲ ನನ್ನ ಸಮಾಧಾನಕ್ಕೆ ಕಟ್ಟಿದ ಮಾತು ಅಂದೆ. ಅವಳು ತನ್ನ ಕೀಬೋರ್ಡಿನಲ್ಲಿ ಬಿಳಿ ನಾಲ್ಕನ್ನು ಒತ್ತಿ ಹಿಡಿದಳು. ಹೂಂ ಅಂದೆ. ವಯಸ್ಸಾಯಿತು, ನಾಲ್ಕು ಸ್ವಲ್ಪ ಎಟುಕಲಿಲ್ಲ. ಮೂರನ್ನು ಒತ್ತಿದಳು. ಅಲ್ಲಿ ಹೋಗಿ ಕೂತುಬಿಟ್ಟಿತು ಕೊರಳು. ಬಿಳಿ ಆರನ್ನೂ ಒತ್ತಿದಳು. ಅಲ್ಲಿಗೆ ನಾನು ಹುಟ್ಟಿದಾಗಲೂ ಹೋಗಿರಲಾರೆ ಅನ್ನಿಸಿತು.

ಆಮೇಲೆ ಹಾಡು ಹಾಕಿದಳು.

ಆ ಹುಡುಗಿ ಚೆನ್ನಾಗಿ ಹಾಡುತ್ತಿದ್ದಳು, ಉಚ್ಚೀರಪ್ಪನವರೇ. ಬೇರೆ ಯಾರದೋ ಮಗಳ ಬಗ್ಗೆ ಹೇಳುವಂತೆ ಹೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ನಾಲ್ಕು ಸೆಲ್ಲಿನ ಮೇಲೆ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ? ವಿಠಲನನ್ನು ಕರೆಸಿ ಕೇಳಿಸಿದೆ. ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ಇನ್ನೊಮ್ಮೆ ಹಚ್ಚು ಅಕ್ಕಾ" ಅಂದ. ಮೂರು ಸಲ ಕೇಳಿದ. ನಾನೂ ಬೇಡ ಅನ್ನಲಿಲ್ಲ.

ಕೊನೆಗೆ ನಿಮ್ಮ ಕೀಬೋರ್ಡು ಕೂಡಿಸಿದ್ದನ್ನು ಕೇಳಿಸಿದಳು. ಆ ಸಂಜೆಯೇ ತಿರುಗಿ ಬಂದ ಹಾಗಾಯಿತು. ನೀವು ಮೇಲೆ ಒದ್ದೆ ಟವೆಲ್ ಹಾಕಿದ್ದೂ ನೆನಪಾಯಿತು. ಅವಳ ಕೈಯಲ್ಲಿ ಇಂಥ ವಿದ್ಯೆ ಇದೆಯೆಂದು ನನಗೆ ಗೊತ್ತಿರಲಿಲ್ಲ. ಕಿವಿಗೆ ಅದೇನೋ ಸಿಕ್ಕಿಸಿಕೊಂಡು ಕಾಲ ಕಳೆಯುತ್ತಾಳೆ ಎಂದೇ ತಿಳಿದಿದ್ದೆ.

ಇದೇ ಹದಿನೇಳು, ಭಾನುವಾರ, ಬೆಳಿಗ್ಗೆ 'ತೊಟ್ಟಿಲು'. ಹಾಡಲು ಯಾರನ್ನೂ ಕರೆಸಿಲ್ಲ. ಪ್ರಿಯಾ ರೆಕಾರ್ಡು ಮಾಡುತ್ತಾಳೆ. ಗೋಡೆಯ ಪ್ಲಗ್ಗಿಗೇ ಚುಚ್ಚಬೇಕು ಎಂದು ಹೇಳಿದ್ದೇನೆ, ಹಾಡುವ ಮುಂಚೆ ನಾನೇ ಹೋಗಿ ನೋಡುವವಳು. ವೆಂಕಟಪ್ಪನವರನ್ನೂ ಕರೆತನ್ನಿ. ಬರಿಗೈಯಲ್ಲಿ ಬರಲಿ.

ಕಂಪ್ಯೂಟರಿನ ದನಿ ಎಷ್ಟೇ ಚೆನ್ನಾಗಿದ್ದರೂ ಅವತ್ತು ನನಗೆ ನಿಮ್ಮ ಹಾರ್ಮೋನಿಯಂ ಬೇಕು. ತೊಟ್ಟಿಲಿನ ಪಕ್ಕ ನಿಮಗೊಂದು ಕುರ್ಚಿ ಹಾಕಿಸಿರುತ್ತೇನೆ. ಬಿಳಿ ಮೂರು ಹಿಡಿದು ಕೂತಿರಿ. ಈ ಸಲ ನಾನು ಬರುತ್ತೇನೆ.

ಸಕ್ಕೂಬಾಯಿ